ಹಳೇ 800ಕ್ಕೆ ಸರಿಯಾದ ಆಯಿಲ್ ಸಿಕ್ಕಿದ್ದು ಹೀಗೆ

ನಮ್ಮದು 1997ರ ಮಾರುತಿ 800, ಕಾರ್ಬುರೇಟರ್ ಗಾಡಿ. ಅಪ್ಪ ಕೊಂಡದ್ದು. ಒಂದು ಲಕ್ಷದ ನಲವತ್ತು ಸಾವಿರದ ಹತ್ತಿರ ಮೀಟರ್ ನಿಂತೇಹೋಗಿತ್ತು. ಬೇರೆ ಹಾಕಿಸಿದ ಮೇಲೆ ಇನ್ನೊಂದು ಮೂವತ್ತು ಸಾವಿರ ಓಡಿರಬೇಕು. ಕೊಡಗಿನ ಮೂರ್ನಾಡು ಕಡೆ ಯಾರನ್ನು ಕೇಳಿದರೂ ಒಂದೇ ಮಾತು: ಹಳೇ ಎಂಜಿನ್, 20ಡಬ್ಲ್ಯೂ-50 ಹಾಕಿ. (ಡಬ್ಲ್ಯೂಗೆ ಮೊದಲಿನ ಅಂಕೆ ಚಳಿಯಲ್ಲಿ, ಆಮೇಲಿನದು ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಅನ್ನುವುದಕ್ಕೆ.) ನಾನು ಓಡಿಸುತ್ತಿರುವುದು 10ಡಬ್ಲ್ಯೂ-40 ಸೆಮಿ ಸಿಂಥೆಟಿಕ್. ಎರಡು ಮಳೆಗಾಲ ದಾಟಿತು. ಸೀಲ್ ಸೋರಿಲ್ಲ, ಹೊಗೆ ಇಲ್ಲ, ಒಂದು ಚೇಂಜಿನಿಂದ ಇನ್ನೊಂದಕ್ಕೆ ಕಾಲು ಲೀಟರ್ ಕೂಡ ಮೇಲೆ ಹಾಕಿಲ್ಲ.

ದಪ್ಪ ಆಯಿಲ್ ಹಾಕಿಕೊಂಡೇ ಏಳೆಂಟು ವರ್ಷ ಕಳೆದಿದ್ದೆ. ಡಿಸೆಂಬರ್ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಆಯಿಲ್ ಒತ್ತಡದ ದೀಪ ಆರಲು ನಾಲ್ಕೈದು ಸೆಕೆಂಡ್, ಅಷ್ಟು ಹೊತ್ತೂ ವಾಲ್ವ್ ಒತ್ತುವ ಟ್ಯಾಪೆಟ್ ಕಟಕಟ. ಮೂರು ಸಲ ಟ್ಯಾಪೆಟ್ ಸೆಟ್ ಮಾಡಿಸಿದೆ, ಶಬ್ದ ಹೋಗಲಿಲ್ಲ. ಅದನ್ನಾದರೂ ಸಹಿಸಬಹುದಿತ್ತು. ಒಂದು ಜುಲೈಯಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆಲ್ಲ ಹಾಲಿನ ಕೆನೆಯಂಥ ಲೋಳೆ. ಗ್ಯಾರೇಜಿನವರು ನೋಡಿದ್ದೇ ತಡ, "ಹೆಡ್ ಗ್ಯಾಸ್ಕೆಟ್ ಹೋಗಿದೆ ಅಣ್ಣ" ಅಂದರು. ಹೆಡ್ ಇಳಿಸಿ, ಅದರ ಮುಖ ಸಮ ಮಾಡಿಸಿ, ಗ್ಯಾಸ್ಕೆಟ್ ಹಾಕಿಸಿದ್ದಕ್ಕೆ ಏಳು ಸಾವಿರ. ಮೂರೇ ವಾರದಲ್ಲಿ ಕೆನೆ ಮತ್ತೆ ಬಂತು. ಆ ಏಳು ಸಾವಿರ ಇವತ್ತಿಗೂ ಉರಿಯುತ್ತದೆ. ಗ್ಯಾಸ್ಕೆಟ್ ಹೋಗಿ ನೀರು ಆಯಿಲಿಗೆ ಸೇರಿದ್ದರೆ ರೇಡಿಯೇಟರಿನಲ್ಲಿ ಇಳಿಯಬೇಕಿತ್ತು, ಅಲ್ಲಿ ನೀರು ಒಂದು ಚೂರೂ ಇಳಿದಿರಲಿಲ್ಲ. ಅದನ್ನು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಆಮೇಲೆ ಬೆಂಗಳೂರಿನ ಚಿಕ್ಕಪ್ಪನ ಮಗನ ಮಾತು ಕೇಳಿ 5ಡಬ್ಲ್ಯೂ-30 ಫುಲ್ ಸಿಂಥೆಟಿಕ್ ಹಾಕಿದೆ. ಮೂರು ಲೀಟರಿಗೆ ಎರಡು ಸಾವಿರ ದಾಟಿತ್ತು. ಬೆಳಿಗ್ಗೆ ಟ್ಯಾಪೆಟ್ ಸದ್ದೇ ಇಲ್ಲ. ಹಿಗ್ಗಿದೆ. ನಾಲ್ಕನೇ ದಿನ ಸಂಪಾಜೆಗೆ ಇಳಿದು ಘಾಟಿ ಹತ್ತಿ ಬಂದು ಮಡಿಕೇರಿಯ ತಿಮ್ಮಯ್ಯ ವೃತ್ತದಲ್ಲಿ ನಿಲ್ಲಿಸಿದರೆ ಐಡ್ಲಿಂಗಿನಲ್ಲಿ ಆಯಿಲ್ ದೀಪ ಮಿಣುಕುತ್ತಿದೆ. ತಿಂಗಳೊಳಗೆ ಕ್ರ್ಯಾಂಕಿನ ಹಿಂಬದಿಯ ಸೀಲ್ (ಆಯಿಲ್ ಹೊರಬರದಂತೆ ತಡೆಯುವ ಬಳೆ) ಒಸರತೊಡಗಿತು. ಕೆಳಗೆ ಹಾಸಿದ ರಟ್ಟಿನ ಮೇಲೆ ದಿನಾ ಬೆಳಿಗ್ಗೆ ಆರೇಳು ಹನಿ. ಒಂಬೈನೂರು ಕಿಲೋಮೀಟರಿಗೇ ಆಯಿಲ್ ಇಳಿಸಿಬಿಟ್ಟೆ. ಅದನ್ನು ಚೆಲ್ಲಲು ಮನಸ್ಸು ಬರದೆ ಗೇಟಿನ ಕೀಲಿಗೂ ಕೈಗಾಡಿಯ ಅಚ್ಚಿಗೂ ಬಳಸಿದೆ.

ಆಗ ಬೇರೆಯವರ ಮಾತು ಬಿಟ್ಟು ನಾನೇ ಅಳೆಯಲು ಕೂತೆ. ನಾಲ್ಕು ಗ್ರೇಡಿನ ಆಯಿಲನ್ನು ಒಂದೇ ಅಳತೆಯ ಬಾಟಲಿಗಳಲ್ಲಿ ತುಂಬಿ ಕಾಫಿ ಕಣದಲ್ಲಿ ರಾತ್ರಿ ಇಟ್ಟೆ. ಬೆಳಿಗ್ಗೆ ಆರಕ್ಕೆ ಥರ್ಮಾಮೀಟರ್ ಹನ್ನೊಂದು ಡಿಗ್ರಿ ತೋರಿಸುತ್ತಿತ್ತು. ಬಗ್ಗಿಸಿದರೆ 20ಡಬ್ಲ್ಯೂ-50 ಕಾಡುಜೇನಿನ ಹಾಗೆ ಬಂತು, 10ಡಬ್ಲ್ಯೂನವು ಸಲೀಸಾಗಿ ಇಳಿದವು. 20ಡಬ್ಲ್ಯೂ ಆಯಿಲಿನ ಚಳಿ ಪರೀಕ್ಷೆ ನಡೆಯುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ, ಮಡಿಕೇರಿ ಚಳಿ ಅದಕ್ಕೆ ಲೆಕ್ಕವೇ ಅಲ್ಲ ಎಂದು ವಾದಿಸುವವರಿದ್ದಾರೆ. ಎಂಜಿನ್ ತಿರುಗುತ್ತದೆ, ನಿಜ. ಎಂಜಿನ್ ತಲೆಯಲ್ಲಿರುವ ರಾಕರ್ ತನಕ ಆಯಿಲ್ ಏರಲು ಎಷ್ಟು ಹೊತ್ತು ಬೇಕು ಅನ್ನುವುದು ನನ್ನ ಪ್ರಶ್ನೆಯಾಗಿತ್ತು.

ಆರುನೂರು ರೂಪಾಯಿಗೆ ಹಳೇ ಮೆಕ್ಯಾನಿಕಲ್ ಪ್ರೆಶರ್ ಗೇಜ್ ಸಿಕ್ಕಿತು. ಆಯಿಲ್ ಸ್ವಿಚ್ ಬಿಚ್ಚಿ ಆ ಜಾಗದಲ್ಲಿ ಹಾಕಿದೆ. ಅದನ್ನು ಹಾಕುವಾಗಲೇ ಅಸಲು ಕಳ್ಳ ಸಿಕ್ಕಿದ್ದು. ರೇಡಿಯೇಟರ್ ಮೇಲಿನ ಹೋಸ್ ಮುಟ್ಟಿದರೆ, ಸ್ಟಾರ್ಟ್ ಮಾಡಿದ ನಿಮಿಷದಿಂದಲೇ ನೀರು ಓಡಾಡುತ್ತಿದೆ. ಬಿಚ್ಚಿ ನೋಡಿದೆ, ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟ್ಯಾಟ್ ಒಳಗೆ ಇಲ್ಲ! ಘಾಟಿಯಲ್ಲಿ ಗಾಡಿ ಬಿಸಿಯಾಗದಿರಲಿ ಎಂದು ಯಾವ ಕಾಲದಲ್ಲೋ ಯಾರೋ ಕಿತ್ತು ಎಸೆದಿದ್ದಾರೆ. ಮಳೆಗಾಲದಲ್ಲಿ ನಮ್ಮ ಓಡಾಟ ಅಂದರೆ ತೋಟದಿಂದ ಪೇಟೆಗೆ ಎರಡು ಕಿಲೋಮೀಟರ್, ವಾಪಸ್ ಎರಡು. ಎಂಜಿನ್ ಬಿಸಿಯಾಗುವುದೇ ಇಲ್ಲ, ಒಳಗೆ ಕಟ್ಟಿದ ತೇವ ಆರುವುದಿಲ್ಲ, ಆಯಿಲಿಗೆ ಸೇರಿ ಕೆನೆಯಾಗುತ್ತದೆ. ಗ್ಯಾಸ್ಕೆಟ್ ಪಾಪ ಏನು ಮಾಡಿತ್ತು? ನಾನೂರೈವತ್ತು ರೂಪಾಯಿಯ ಥರ್ಮೋಸ್ಟ್ಯಾಟ್ ಹಾಕಿ, ಎಂಜಿನ್ ಒಳಗಿನ ಆವಿ ಹೊರಹೋಗುವ, ಕಟ್ಟಿಹೋಗಿದ್ದ ಬ್ರೀದರ್ ಪೈಪ್ ತೊಳೆದು, ಕುಶಾಲನಗರಕ್ಕೆ ಹೋಗಿ ಬಂದೆ. ಕೆನೆ ಮಾಯ.

ಇದಾದ ಮೇಲೆ ಎಲ್ಲ ಗ್ರೇಡನ್ನೂ ಹೊಸದಾಗಿ ನೋಡಿದೆ. ಸಂಪಾಜೆ ಘಾಟಿ ಹತ್ತಿ ಬಂದು, ಗಾಡಿ ನಿಲ್ಲಿಸದೆ ಐಡ್ಲಿಂಗಿನಲ್ಲಿ ಗೇಜ್ ಓದುವುದು. ನೆನಪಿನಿಂದ ಬರೆಯುತ್ತಿದ್ದೇನೆ: 20ಡಬ್ಲ್ಯೂ-50ಗೆ ಒತ್ತಡ ಚದರ ಸೆಂಟಿಮೀಟರಿಗೆ ಒಂದೂವರೆ ಕೆಜಿ ಹತ್ತಿರ, 10ಡಬ್ಲ್ಯೂ-30ಗೆ ಅರ್ಧಕ್ಕಿಂತ ತುಸು ಮೇಲೆ, 10ಡಬ್ಲ್ಯೂ-40ಗೆ ಒಂದು. ಪಿಕಪ್ಪಿಗೆ ತಂದಿದ್ದ 15ಡಬ್ಲ್ಯೂ-40 ಡೀಸೆಲ್ ಆಯಿಲನ್ನೂ ಒಂದು ಸುತ್ತು ಓಡಿಸಿದೆ. ಬಿಸಿಯಲ್ಲಿ ಅದೂ ಒಂದೇ. ಇರುವುದೇ ಹಾಗೆ, ಎರಡನೇ ಅಂಕೆ ಒಂದೇ ಅಲ್ಲವೇ. ಆದರೆ ಬೆಳಿಗ್ಗೆ ಗೇಜಿನ ಮುಳ್ಳು ಏಳುವುದು ಒಂದು ಸೆಕೆಂಡ್ ತಡ, ಇನ್ನೂರೇ ಕಿಲೋಮೀಟರಿಗೆ ಆಯಿಲ್ ಮಸಿಯಂತೆ ಕಪ್ಪಾಯಿತು. ಒಳಗಿನ ಹಳೇ ಕೊಳೆಯನ್ನು ಅದು ಚೆನ್ನಾಗಿ ತೊಳೆದಿತ್ತು. ಬಜೆಟ್ ಕಡಿಮೆ ಇದ್ದವರು ಬಯಲುಸೀಮೆಯಲ್ಲಿ ಅದನ್ನೇ ಹಾಕಿಕೊಂಡರೂ ನಾನು ಬೇಡ ಅನ್ನುವುದಿಲ್ಲ.

10ಡಬ್ಲ್ಯೂ-40 ಹಾಕುತ್ತೇನೆ ಅಂದಾಗ "ತೆಳು ಆಯಿತು, ಪಿಸ್ಟನ್ ರಿಂಗ್ ಹೋಗುತ್ತೆ, ಸಿಲಿಂಡರ್ ರೀಬೋರಿಗೆ ಇಪ್ಪತ್ತೈದು ಸಾವಿರ ತೆಗೆದಿಡಿ" ಎಂದು ಮೇಸ್ತ್ರಿಯೊಬ್ಬರು ಹೇಳಿದ್ದರು. ಈಗ ಚೇಂಜಿಗೆ ಫಿಲ್ಟರ್ ಸೇರಿ ಸಾವಿರದ ಏಳುನೂರರ ಆಸುಪಾಸು. ಮೈಲೇಜ್ ಹನ್ನೆರಡರಿಂದ ಹದಿನಾಲ್ಕಕ್ಕೆ ಬಂದಿದೆ. ಅದರಲ್ಲಿ ಥರ್ಮೋಸ್ಟ್ಯಾಟಿನ ಪಾಲೇ ದೊಡ್ಡದು ಎಂದು ನನ್ನ ಲೆಕ್ಕ. ಕಿಲೋಮೀಟರ್ ನೋಡಿ ಚೇಂಜ್ ಮಾಡುವುದನ್ನು ಬಿಟ್ಟಿದ್ದೇನೆ. ಮಳೆಯ ತೇವ ಕುಡಿದ ಆಯಿಲ್ ಎರಡು ಸಾವಿರ ಓಡಿದ್ದರೂ ಸರಿ, ಹುತ್ತರಿ ಹಬ್ಬಕ್ಕೆ ಮೊದಲು ಇಳಿಸುತ್ತೇನೆ. ಒಸರುತ್ತಿದ್ದ ಕ್ರ್ಯಾಂಕ್ ಸೀಲನ್ನು ಗೇರ್‌ಬಾಕ್ಸ್ ಇಳಿಸದೆಯೇ ನಿಲ್ಲಿಸಿದ ಉಪಾಯ ಒಂದಿದೆ. ಅದು ಸದ್ಯ ನನ್ನಲ್ಲೇ ಇರಲಿ, ಇನ್ನೊಂದು ಮಳೆಗಾಲ ಕಳೆಯಬೇಕು.

ರೀಬೋರ್ ಮಾತು ಆಡಿದ ಮೇಸ್ತ್ರಿಯೇ ಹೋದ ವಾರ ತಮ್ಮ ಓಮ್ನಿ ತಂದು ನಮ್ಮ ಶೆಡ್ಡಿನಲ್ಲಿ ನಿಲ್ಲಿಸಿದ್ದಾರೆ. ಮುಚ್ಚಳದೊಳಗೆ ಅದೇ ಕೆನೆ. ಆಯಿಲ್ ಡಬ್ಬ ಆಮೇಲೆ ತರೋಣ, ಮೊದಲು ಹೋಸ್ ಬಿಚ್ಚಿ ಎಂದಿದ್ದೇನೆ.