ಫ್ಲೆಕ್ಸ್ ಬಿಟ್ಟೆ, ಓಟರ್ ಲಿಸ್ಟ್ ಹಿಡಿದೆ

ಸ್ವೀಪ್ (ಚುನಾವಣಾ ಆಯೋಗದ ಮತದಾರರ ಜಾಗೃತಿ ಕಾರ್ಯಕ್ರಮ) ಜಾಥಾ ಮಾಡಿ ಮಾಡಿ ಸುಸ್ತಾದ ಮೇಷ್ಟ್ರುಗಳಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ಮಾಲೂರು ಕಡೆಯ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಚುನಾವಣಾ ಸಾಕ್ಷರತಾ ಕ್ಲಬ್ ಯಾರಿಗೂ ಬೇಡವಾಗಿತ್ತು, ನನ್ನ ತಲೆಗೆ ಬಂತು.

2023ರ ವಿಧಾನಸಭೆ ಚುನಾವಣೆಗೆ ಎಲ್ಲರಂತೆ ನಾನೂ ಮಾಡಿದೆ. ಟೀಶರ್ಟು, ಟೋಪಿ, ಫ್ಲೆಕ್ಸು, ಮಜ್ಜಿಗೆ, ಪ್ರತಿಜ್ಞಾ ವಿಧಿ. ಹದಿನಾಲ್ಕು ಸಾವಿರದ ಹತ್ತಿರ ಖರ್ಚು. ಅದರಲ್ಲಿ ಐದು ನನ್ನ ಜೇಬಿನದು, ಇವತ್ತಿಗೂ ವಾಪಸ್ ಬಂದಿಲ್ಲ. ಭಾಷಣವನ್ನೂ ಬಿಗಿದೆ. 2004ರ ವಿಧಾನಸಭೆ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಿಂದ ಧ್ರುವನಾರಾಯಣ ಒಂದೇ ಓಟಿನಿಂದ ಗೆದ್ದ ಕಥೆ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ, "ಸಾರ್, ಆಗ ನಾನಿನ್ನೂ ಹುಟ್ಟೇ ಇರ್ಲಿಲ್ಲ" ಅಂದ. ಎಲ್ಲರೂ ನಕ್ಕರು.

ಮೇ 10ರ ಮತದಾನ ಕಳೆದ ಮೇಲೆ ಕ್ಲಾಸಿನಲ್ಲಿ ಬೆರಳು ತೋರಿಸಿ ಅಂದೆ. ಜಾಥಾದ ಮುಂದೆ ಬ್ಯಾನರ್ ಹಿಡಿದಿದ್ದ ಹುಡುಗಿಯ ಬೆರಳಲ್ಲೇ ಶಾಯಿ ಇಲ್ಲ. "ಲಿಸ್ಟಲ್ಲಿ ಹೆಸರೇ ಇಲ್ಲ ಸಾರ್." ಅವಳೊಬ್ಬಳೇ ಅಲ್ಲ, ನಡೆದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಹಾಗೇ. ಹೆಸರೇ ಇಲ್ಲದವರ ಕೈಲಿ "ತಪ್ಪದೇ ಮತ ಚಲಾಯಿಸಿ" ಅಂತ ಕೂಗಿಸಿದ್ದೆ!

ಆಮೇಲೆ ಫಲಿತಾಂಶ ಬಂತು. ಮಾಲೂರಿನಲ್ಲಿ ಗೆಲುವಿನ ಅಂತರ 248. ಬೋರ್ಡಿನ ಮೇಲೆ ಆ ಅಂಕಿ ಬರೆದು ಸುಮ್ನೆ ನಿಂತೆ. ಅದೇ ಹಿಂದಿನ ಬೆಂಚಿನ ಹುಡುಗ, "ನಮ್ಮ ಕಾಲೇಜಲ್ಲೇ ಅದಕ್ಕಿಂತ ಜಾಸ್ತಿ ಜನ ಇದೀವಲ್ಲ ಸಾರ್" ಅಂದ. ಈ ಸಲ ಯಾರೂ ನಗಲಿಲ್ಲ.

ಲೋಕಸಭೆ ಚುನಾವಣೆಗೆ ಮುಂಚೆ, 2024ರ ಜನವರಿಯಲ್ಲಿ ಅಂತಿಮ ಮತದಾರರ ಪಟ್ಟಿ ಬಂದ ತಕ್ಷಣ, ನಮ್ಮ ಮಕ್ಕಳು ಜಾಸ್ತಿ ಇರುವ ಹತ್ತೊಂಬತ್ತು ಬೂತುಗಳದ್ದು ಪ್ರಿಂಟ್ ಹಾಕಿಸಿದೆ. ಐನೂರು ಚಿಲ್ಲರೆ ಹಾಳೆ, ಜೆರಾಕ್ಸ್ ಅಂಗಡಿಯವನಿಗೆ ಸಾವಿರದಷ್ಟು ಕೊಟ್ಟ ನೆನಪು. ಹಿರಿಯ ಸಹೋದ್ಯೋಗಿಯೊಬ್ಬರು, "ರೀಲ್ಸ್ ನೋಡೋ ಹುಡುಗರು ಲಿಸ್ಟ್ ನೋಡ್ತಾರೇನ್ರೀ?" ಅಂತ ಕೇಳಿದರು. ಕಾರಿಡಾರಿನಲ್ಲಿ ಮೇಜು ಹಾಕಿ ಲಿಸ್ಟು, ಕೆಂಪು ಪೆನ್ನು ಇಟ್ಟೆ. ಭಾಷಣ ಇಲ್ಲ. ಮನೆಯವರ ಹೆಸರು ಹುಡುಕಿ ಟಿಕ್ ಹಾಕಿ, ಅಷ್ಟೇ.

ಹತ್ತು ನಿಮಿಷ ಆಗಿರಲಿಲ್ಲ, ಒಬ್ಬ ಕೂಗಿಕೊಂಡ. "ಸಾರ್, ತೀರಿಹೋಗಿ ಆರು ವರ್ಷ ಆದ ನಮ್ ತಾತ ಇದಾನೆ, ನಾನಿಲ್ಲ!" ಮೇಜಿನ ಸುತ್ತ ಜನವೋ ಜನ. ಹಾಳೆ ಕಿತ್ತಾಡಿ ಹರಿದವು. ಓಟು ಪವಿತ್ರ ಅಂತ ಒಂದು ವರ್ಷ ಬಡಿದುಕೊಂಡರೂ ಏಳದ ಸಿಟ್ಟು, ಹೆಸರಿಲ್ಲ ಅಂದ ಕೂಡಲೇ ಎದ್ದಿತ್ತು.

ಅಲ್ಲೂ ಎಡವಿದೆ. ಲಿಸ್ಟಿಗೆ ಹೊಸದಾಗಿ ಹೆಸರು ಸೇರಿಸೋಕೆ ಹಾಕುವ ಫಾರಂ 6, ಅದರಲ್ಲಿ ಮೊದಲ ಅರವತ್ತನ್ನು ಎರಡು ರಾತ್ರಿ ಕೂತು ನಾನೇ ಆನ್‌ಲೈನಲ್ಲಿ ತುಂಬಿದೆ. ಇಪ್ಪತ್ತಕ್ಕೂ ಜಾಸ್ತಿ ತಿರಸ್ಕೃತ. ಫಿಲ್ಟರ್ ಹಾಕಿದ ಸೆಲ್ಫಿ, ಆಧಾರ್‌ನಲ್ಲೊಂದು ಮಾರ್ಕ್ಸ್ ಕಾರ್ಡಿನಲ್ಲೊಂದು ಹೆಸರು. ಆಮೇಲೆ ಮಕ್ಕಳೇ ತುಂಬಲಿ ಅಂತ ಬಿಟ್ಟೆ, ಬಿಎಲ್‌ಓ (ಬೂತಿನ ಓಟರ್ ಲಿಸ್ಟ್ ನೋಡಿಕೊಳ್ಳುವ) ಅಕ್ಕಂದಿರನ್ನು ಒಂದು ಶನಿವಾರ ಕಾಲೇಜಿಗೇ ಕರೆಸಿದೆ. ಏಳು ಜನ ಬಂದರು. ಹೇಗೆ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಹೇಳಲ್ಲ, ಒಬ್ಬಟ್ಟಿನ ಊಟಕ್ಕೂ ಅದಕ್ಕೂ ಸ್ವಲ್ಪ ಸಂಬಂಧ ಇದೆ.

ನಡುವೆ ಒಂದು ತರಲೆ ಪ್ರಯೋಗವನ್ನೂ ಮಾಡಿದೆ. ಕ್ಯಾಂಟೀನಿನಲ್ಲಿ ಒಂದು ತಿಂಗಳು ಬೆಳಿಗ್ಗೆ ಚಿತ್ರಾನ್ನವೋ ಉಪ್ಪಿಟ್ಟೋ ಅಂತ ಗುಪ್ತ ಮತದಾನ. ನೋಟಾನೂ ಇತ್ತು. ಮುನ್ನೂರರಲ್ಲಿ ತೊಂಬತ್ತು ಜನ ಹಾಕಿದರು, ಉಪ್ಪಿಟ್ಟು ನಾಲ್ಕು ಓಟಿನಿಂದ ಗೆದ್ದಿತು. ದಿನಾ ಉಪ್ಪಿಟ್ಟು ತಿಂದು ಎರಡನೇ ವಾರಕ್ಕೇ ಗಲಾಟೆ. ನಾನು ಬದಲಿಸಲಿಲ್ಲ. ಮುಂದಿನ ತಿಂಗಳ ಮತದಾನಕ್ಕೆ ಸಾಲು ಗೇಟಿನ ತನಕ ಹೋಗಿತ್ತು. ಕ್ಯಾಂಟೀನಿನವನಿಗೆ ಉಪ್ಪಿಟ್ಟು ಮಿಕ್ಕ ನಷ್ಟ ಏಳುನೂರು, ನಾನೇ ಕಟ್ಟಿದೆ.

ಲೋಕಸಭೆಗೆ ಮತದಾನ ಏಪ್ರಿಲ್ 26, ಶುಕ್ರವಾರ. ಹಳೇ ವಿದ್ಯಾರ್ಥಿಗಳು ಬೆಂಗಳೂರಲ್ಲಿ ಕೆಲಸಕ್ಕಿದ್ದಾರೆ, ಮೂರು ದಿನ ರಜೆ ಸಿಕ್ಕರೆ ನಂದಿಬೆಟ್ಟ ಹತ್ತುವವರು. ಅವರ ತಮ್ಮ ತಂಗಿಯರಿಂದ ಅಜ್ಜಿಯರ ದನಿ ರೆಕಾರ್ಡ್ ಮಾಡಿಸಿ ವಾಟ್ಸಾಪಿನಲ್ಲಿ ಕಳಿಸಿದೆವು. "ಬಾರೋ, ಓಟು ಹಾಕಿ ಮುದ್ದೆ ಉಂಡು ಹೋಗೋವಂತೆ." ಎಷ್ಟು ಜನ ಬಂದರೋ ಲೆಕ್ಕ ಇಟ್ಟಿಲ್ಲ. ಗುರುವಾರ ಸಂಜೆ ಮಾಲೂರು ಸ್ಟೇಷನ್ನಿನಲ್ಲಿ ನನ್ನನ್ನು ನೋಡಿ ನಕ್ಕವರೇ ಹತ್ತು ಹನ್ನೆರಡು ಮಂದಿ.

ಸೋಮವಾರ ಎಡಗೈ ಎತ್ತಿಸಿದೆ. ಹೊಸದಾಗಿ ಹೆಸರು ಸೇರಿದವರು ನೂರಾ ಎಂಬತ್ತರಷ್ಟು ಇದ್ದರು, ನೂರೈವತ್ತರ ಮೇಲೆ ಬೆರಳಲ್ಲಿ ಶಾಯಿ. ಆ ಹಿರಿಯ ಸಹೋದ್ಯೋಗಿ ಬಾಗಿಲಲ್ಲಿ ನಿಂತು ಎರಡು ಸಲ ಎಣಿಸಿದರು. ಮೊನ್ನೆ ಹಳೇ ಲಿಸ್ಟ್ ಇದ್ದರೆ ಕೊಡಿ ಅಂತ ಅವರೇ ಕೇಳಿದರು.

ಒಬ್ಬ ಮಾತ್ರ ಕೈ ಕೆಳಗೇ ಇಟ್ಟುಕೊಂಡಿದ್ದ. ಹುಟ್ಟಿದ್ದು ಏಪ್ರಿಲ್ 3. ಹದಿನೆಂಟು ತುಂಬಿರಬೇಕಾದ ಅರ್ಹತೆಯ ದಿನ ಏಪ್ರಿಲ್ 1, ಮುಂದಿನದು ಜುಲೈ 1. ಎರಡು ದಿನದಲ್ಲಿ ತಪ್ಪಿಹೋಯ್ತು. ಅವನ ಓಟರ್ ಕಾರ್ಡ್ ಆಮೇಲೆ ಅಂಚೆಯಲ್ಲಿ ಬಂತು. ಅದನ್ನು ಫೋನಿನ ಕವರಿನ ಹಿಂದೆ ಸಿಕ್ಕಿಸಿಕೊಂಡು ಓಡಾಡ್ತಾನೆ. ಪಂಚಾಯ್ತಿ ಎಲೆಕ್ಷನ್ ಯಾವಾಗ ಸಾರ್ ಅಂತ ಕೇಳ್ತಾನೇ ಇರ್ತಾನೆ.