ಸಿಂಗಲ್ ಆಕ್ಷನ್ ರಿವಾಲ್ವರ್: ಕ್ರಮಸಂಖ್ಯೆಯನ್ನು ಓದುವ ಮತ್ತು ಕಾಯುವ ಬಗೆ

ಒಂದು ಖಂಡೇನವಮಿಯ ದಿನ ನವಲಗುಂದದ ಕಡೆಯ ಹಳ್ಳಿಯಲ್ಲಿ ಸಂಬಂಧಿಕರ ಮನೆಗೆ ಹೋಗಿದ್ದೆ. ಪೂಜೆಗೆ ಇಟ್ಟಿದ್ದ ಕುಡುಗೋಲು, ಕೊಡಲಿಗಳ ನಡುವೆ ಕಾಕಾ ಅವರ ಪರವಾನಗಿಯ ಹಳೆಯ ಬ್ರಿಟಿಷ್ ರಿವಾಲ್ವರ್ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. "ಜಂಗ ಹಿಡಿದಿತ್ತು, ಹಬ್ಬಕ್ಕಂತ ಉಸುಕಿನ ಕಾಗದ ಹಚ್ಚಿ ತಿಕ್ಕಿಸೀನಿ" ಎಂದು ಅವರು ಸಂತೋಷದಿಂದಲೇ ಹೇಳಿದರು. ಬೆಳಕಿಗೆ ಹಿಡಿದು ನೋಡಿದಾಗ ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿಗಳು ಸವೆದುಹೋಗಿದ್ದವು. ಉಳಿದ ಅಂಕಿಗಳ ತಗ್ಗಿನಲ್ಲಿ ಒದ್ದೆ ಕುಂಕುಮ ತುಂಬಿಕೊಂಡಿತ್ತು.

ಇದು ಅಂದಗೆಟ್ಟ ಮಾತಷ್ಟೇ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೆಯ ಕಲಮಿನ ಪ್ರಕಾರ ಬಂದೂಕಿನ ಮೇಲಿನ ತಯಾರಕರ ಹೆಸರು, ಸಂಖ್ಯೆ ಅಥವಾ ಗುರುತನ್ನು ಅಳಿಸುವುದು, ತಿದ್ದುವುದು ಅಪರಾಧ. ಅಳಿದ ಸಂಖ್ಯೆಯ ಆಯುಧ ಯಾರ ವಶದಲ್ಲಿ ಸಿಗುತ್ತದೆಯೋ ಅವರೇ ಅಳಿಸಿದ್ದಾರೆಂದು, ಹಾಗಲ್ಲವೆಂದು ಸಾಬೀತಾಗುವವರೆಗೆ, ಭಾವಿಸಲಾಗುತ್ತದೆ. ಆದ್ದರಿಂದ ಸಂಗ್ರಹದ ಆಸಕ್ತಿ ಇರುವವರು ಮೊದಲು ಕಲಿಯಬೇಕಾದದ್ದು ಸಂಖ್ಯೆಗೆ ಕೈ ಹಚ್ಚದೆ ಅದನ್ನು ಓದುವುದನ್ನು.

ಸಿಂಗಲ್ ಆಕ್ಷನ್ ಎಂದರೆ ಪ್ರತಿ ಸಲವೂ ಹ್ಯಾಮರನ್ನು (ಗುಂಡನ್ನು ಸಿಡಿಸಲು ಬಡಿಯುವ ಹಿಂಬದಿಯ ಸುತ್ತಿಗೆಯನ್ನು) ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದ ಮೇಲೆಯೇ ಗುಂಡು ಹಾರುವ ರಚನೆ. ಇವುಗಳಲ್ಲಿ ಹೆಸರಾದದ್ದು ಅಮೆರಿಕದ ಕೋಲ್ಟ್ ಕಂಪನಿಯಿಂದ 1873ರಲ್ಲಿ ಬಂದ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ. ಪರವಾನಗಿದಾರರ ಸಮ್ಮುಖದಲ್ಲಿ ಇಂಥದ್ದನ್ನು ನೋಡುವ ಅವಕಾಶ ಸಿಕ್ಕರೆ, ನಳಿಗೆಯನ್ನು ಜನರಿಲ್ಲದ ಕಡೆ ತಿರುಗಿಸಿ, ಹ್ಯಾಮರನ್ನು ಅರ್ಧಕ್ಕೆ ಎಳೆದು, ಬಲಬದಿಯ ಪುಟ್ಟ ಬಾಗಿಲನ್ನು ತೆರೆದು, ಗುಂಡುಗಳು ಕೂರುವ ಸಿಲಿಂಡರನ್ನು ತಿರುಗಿಸುತ್ತ ಅದರ ಆರೂ ಮನೆಗಳು ಖಾಲಿ ಇವೆಯೇ ಎಂದು ಒಂದೊಂದಾಗಿ ನೋಡಿದ ನಂತರವೇ ಮುಂದಿನ ಕೆಲಸ.

ಈ ಮಾದರಿಯಲ್ಲಿ ಸಂಖ್ಯೆಯನ್ನು ಮೂರು ಕಡೆ ಹುಡುಕಬೇಕು: ಸಿಲಿಂಡರನ್ನು ಹಿಡಿದಿರುವ ಚೌಕಟ್ಟಿನ ಅಡಿಯಲ್ಲಿ, ಅದಕ್ಕೆ ಹೊಂದಿಕೊಂಡ ಟ್ರಿಗರ್ ಗಾರ್ಡಿನ ಮೇಲೆ, ಹಿಡಿಕೆಯ ಹಿಂಪಟ್ಟಿಯ ತಳದಲ್ಲಿ. ಆರಂಭದ ವರ್ಷಗಳವುಗಳಲ್ಲಿ ಸಿಲಿಂಡರ್ ಮತ್ತು ನಳಿಗೆಯ ಮೇಲೂ ಇರುತ್ತದೆ. ಅಂಕಿಗಳು ಮಸುಕಾಗಿದ್ದರೆ ಟಾರ್ಚನ್ನು ನೇರವಾಗಿ ಹಿಡಿಯದೆ ಮಗ್ಗುಲಿನಿಂದ ಹಿಡಿಯಿರಿ. ತಗ್ಗಿನಲ್ಲಿ ನೆರಳು ಬಿದ್ದು 3 ಯಾವುದು, 8 ಯಾವುದು ಎಂಬುದು ತಿಳಿಯುತ್ತದೆ. ತೆಳುವಾದ ಕಾಗದವಿಟ್ಟು ಪೆನ್ಸಿಲ್‌ನಿಂದ ಹಗುರವಾಗಿ ಉಜ್ಜಿದರೂ ಅಚ್ಚು ಮೂಡುತ್ತದೆ. ಚಾಕು, ಸೂಜಿ, ಲೋಹದ ಬ್ರಷ್ಷು ಮಾತ್ರ ಹತ್ತಿರ ಬರಬಾರದು.

ಸಂಖ್ಯೆ ಸಿಕ್ಕ ಮೇಲೆ ಕಾಲವನ್ನು ಅಂದಾಜಿಸಬಹುದು. 1ರಿಂದ ಆರಂಭವಾದ ಮೊದಲ ತಲೆಮಾರು (ತಯಾರಿಕೆಯ ಮೊದಲ ಅವಧಿ) 1940ರ ಹೊತ್ತಿಗೆ 357859ರಲ್ಲಿ ನಿಂತಿತು. 1956ರಲ್ಲಿ ಮತ್ತೆ ಆರಂಭವಾದ ಎರಡನೆಯ ತಲೆಮಾರಿನ ಸಂಖ್ಯೆಗಳ ಕೊನೆಗೆ ಎಸ್‌ಎ ಎಂಬ ಅಕ್ಷರಗಳಿವೆ. 1976ರ ಮೂರನೆಯ ತಲೆಮಾರು 80000ಎಸ್‌ಎ ಇಂದ ಮುಂದುವರಿಯಿತು. ಆದರೆ ಸಂಖ್ಯೆಯೊಂದನ್ನೇ ನಂಬಿ ತೀರ್ಮಾನಿಸಬಾರದು, ಮೈಕಟ್ಟು ಅದಕ್ಕೆ ಹೊಂದಬೇಕು. ಮೊದಮೊದಲಿನ ಚೌಕಟ್ಟುಗಳಲ್ಲಿ ಸಿಲಿಂಡರಿನ ಕಡ್ಡಿಯನ್ನು ಮುಂದಿನಿಂದ ಹಾಕಿದ ಸ್ಕ್ರೂ ಹಿಡಿದಿರುತ್ತಿತ್ತು. 1890ರ ದಶಕದಲ್ಲಿ ಅದರ ಬದಲಿಗೆ ಅಡ್ಡಲಾಗಿ ಒತ್ತುವ ಸ್ಪ್ರಿಂಗ್ ಗುಂಡಿ ಬಂದಿತು. 1870ರ ದಶಕಕ್ಕೆ ಸೇರುವ 30000ದ ಆಸುಪಾಸಿನ ಸಂಖ್ಯೆಯ ಚೌಕಟ್ಟಿನಲ್ಲಿ ಈ ಅಡ್ಡ ಗುಂಡಿ ಕಂಡರೆ, ಮಾರುವವರು ಎಷ್ಟೇ ಆಣೆ ಮಾಡಿದರೂ ನಾನು ಒಪ್ಪುವುದಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ. ಬಿಡಿಭಾಗಗಳ ಮೇಲಿನ ಸಂಖ್ಯೆಗಳು ಪರಸ್ಪರ ಹೊಂದದಿದ್ದ ಕೂಡಲೇ ಅದು ನಕಲಿ ಎಂದು ತಳ್ಳಿಹಾಕುವವರಿದ್ದಾರೆ. ಅಮೆರಿಕದ ಸೇನೆ 1895ರಿಂದ ತನ್ನ ಏಳೂವರೆ ಇಂಚಿನ ನಳಿಗೆಯ ರಿವಾಲ್ವರುಗಳನ್ನು ಬಿಚ್ಚಿ, ಐದೂವರೆ ಇಂಚಿಗೆ ಕತ್ತರಿಸಿ ಮರಳಿ ಜೋಡಿಸಿದಾಗ ಭಾಗಗಳು ಅದಲುಬದಲಾದವು. ಆರ್ಟಿಲರಿ ಎಂದು ಸಂಗ್ರಾಹಕರು ಕರೆಯುವ ಈ ಬಗೆಯಲ್ಲಿ ಬೆರಕೆ ಸಂಖ್ಯೆಗಳಿರುವುದೇ ಸಹಜ. ಇಟಲಿಯಲ್ಲಿ ತಯಾರಾಗುವ ಪ್ರತಿಕೃತಿಗಳನ್ನು ಪತ್ತೆ ಹಚ್ಚುವುದು ಸುಲಭ: ಬಂದೂಕನ್ನು ಪರೀಕ್ಷಿಸಿದ ಗುರುತಾಗಿ ಒತ್ತುವ ಪರೀಕ್ಷಾ ಮುದ್ರೆಯ ಬಳಿ ಚಿಕ್ಕ ಚೌಕದೊಳಗೆ ವರ್ಷದ ಸಂಕೇತವಿರುತ್ತದೆ, ಎಎ ಎಂದಿದ್ದರೆ 1975.

ಇನ್ನು ನಮ್ಮಲ್ಲಿ ಸಂಗ್ರಹಿಸುವ ಮಾತು. ಹತಾರ ಇಟ್ಟುಕೊಳ್ಳಲು ಸರಕಾರದ ಅಪ್ಪಣೆ ಬೇಕೆಂಬ ಸಂಗತಿ ಈ ಸೀಮೆಗೆ ಹೊಸದಲ್ಲ. 1857ರಲ್ಲಿ ಹಲಗಲಿಯ ಬೇಡರು ಹೋರಾಡಿದ್ದು ಆಯುಧ ಒಪ್ಪಿಸಬೇಕೆಂಬ ಆಜ್ಞೆಯ ವಿರುದ್ಧವೇ. ಇಂದು ಹುಬ್ಬಳ್ಳಿ-ಧಾರವಾಡ ನಗರದಲ್ಲಿ ಪೊಲೀಸ್ ಆಯುಕ್ತರು, ಧಾರವಾಡ ಜಿಲ್ಲೆಯ ಉಳಿದ ತಾಲೂಕುಗಳಲ್ಲಿ ಹಾಗೂ ಗದಗ, ಹಾವೇರಿಗಳಲ್ಲಿ ಜಿಲ್ಲಾ ದಂಡಾಧಿಕಾರಿಗಳು ಪರವಾನಗಿ ಕೊಡುವವರು. 2019ರ ತಿದ್ದುಪಡಿಯ ನಂತರ ಸಾಮಾನ್ಯ ನಾಗರಿಕರು ವಂಶಪಾರಂಪರ್ಯವಾಗಿ ಬಂದದ್ದೂ ಸೇರಿ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಅಮೆರಿಕದ ಕಾಯ್ದೆ 1898ರವರೆಗೆ ತಯಾರಾದವುಗಳನ್ನು ಪ್ರಾಚೀನವೆಂದು ಎಣಿಸುತ್ತದೆ ಎಂಬುದನ್ನು ಓದಿ ಇಲ್ಲಿಯೂ ಹಾಗೆಯೇ ಎಂದು ತಿಳಿದು ಮೋಸಹೋಗಬೇಡಿ. ನಮ್ಮ ಕಾಯ್ದೆಯ 45ನೆಯ ಕಲಂ ಹಳೆಯ ಮಾದರಿಯ ಆಯುಧಕ್ಕೆ ವಿನಾಯಿತಿ ಕೊಡುವುದು, ಅದು ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಕೆಗೆ ಬಾರದಂತಿದ್ದರೆ ಮಾತ್ರ. ಅಂಥದ್ದೆಂದು ನೀವೇ ನಿರ್ಧರಿಸದೆ ಅಧಿಕಾರಿಗಳಿಂದ ಲಿಖಿತವಾಗಿ ಪಡೆಯಿರಿ.

ಹೀಗಾಗಿ ನನ್ನ ಅಭಿಪ್ರಾಯದಲ್ಲಿ ಇಲ್ಲಿಯ ಸಂಗ್ರಾಹಕರ ನಿಜವಾದ ಆಸ್ತಿ ವಹಿ. ಪ್ರತಿ ಆಯುಧಕ್ಕೆ ಒಂದು ಪುಟ ಮೀಸಲಿಟ್ಟು ಸಂಖ್ಯೆ ಎಲ್ಲೆಲ್ಲಿದೆ, ಅಂಕಿಗಳ ಆಕಾರ ಹೇಗಿದೆ, ನಳಿಗೆಯ ಉದ್ದವೆಷ್ಟು, ಯಾವ ಮುದ್ರೆಗಳಿವೆ ಎಂಬುದನ್ನು ಬರೆದು, ಪೆನ್ಸಿಲ್ ಅಚ್ಚನ್ನೂ ಛಾಯಾಚಿತ್ರವನ್ನೂ ಅಂಟಿಸಿ. ಕೋಲ್ಟ್ ಕಂಪನಿಯ ದಾಖಲೆ ವಿಭಾಗ, ಶುಲ್ಕ ಪಡೆದು, ಸಂಖ್ಯೆಯ ಆಧಾರದ ಮೇಲೆ ಆ ರಿವಾಲ್ವರ್ ಯಾವಾಗ, ಎಲ್ಲಿಗೆ ರವಾನೆಯಾಯಿತೆಂಬ ಪತ್ರ ಕೊಡುತ್ತದೆ. ಅದೂ ಅದೇ ಪುಟಕ್ಕೆ ಸೇರಲಿ.

ಖಂಡೇಪೂಜೆಗೆ ಇಡುವುದಾದರೆ ಕುಂಕುಮವನ್ನು ಆಯುಧದ ಕೆಳಗೆ ಹಾಸಿದ ಬಟ್ಟೆಗೆ ಹಚ್ಚಿ, ಪೂಜೆ ಮುಗಿದ ಕೂಡಲೇ ಮೆತ್ತನೆಯ ಅರಿವೆಯಿಂದ ತೆಳುವಾಗಿ ಎಣ್ಣೆ ಒರೆಸಿ. ಪರವಾನಗಿದಾರರು ತೀರಿಕೊಂಡರೆ ಮನೆಯವರು ತಡಮಾಡದೆ ಆಯುಧವನ್ನು ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಜಮಾ ಮಾಡಬೇಕು. ರಸೀದಿ ಕೈಗೆ ಬಂದಾಗ ಅಲ್ಲಿಯೇ ನಿಂತು, ಅದರಲ್ಲಿ ಬರೆದ ಸಂಖ್ಯೆಯನ್ನು ಚೌಕಟ್ಟಿನ ಮೇಲಿನ ಸಂಖ್ಯೆಯೊಂದಿಗೆ ಅಂಕಿ ಅಂಕಿಯಾಗಿ ತಾಳೆ ನೋಡಿ.