ಎಸ್ಪ್ರೆಸೊ ಮಷೀನನ್ನು ಕೊನೆಗೆ ಕೊಳ್ಳಿ

ಮನೆಯಲ್ಲೇ ಒಳ್ಳೇ ಕಾಫಿ ಮಾಡುತ್ತೇವೆಂದು ಹೊರಟ ಬೆಂಗಳೂರಿಗರು ದುಡ್ಡು ಸುರಿಯುವ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ಎಸ್ಪ್ರೆಸೊ ಮಷೀನ್ (ಒತ್ತಡದಲ್ಲಿ ಬಿಸಿನೀರು ಹಾಯಿಸಿ ಗಟ್ಟಿ ಕಾಫಿ ಇಳಿಸುವ ಯಂತ್ರ), ಆಮೇಲೆ ಅದಕ್ಕೆ ಸಾಲದ ಗ್ರೈಂಡರ್, ಆಮೇಲೆ ಇನ್ನೊಂದು ಗ್ರೈಂಡರ್, ಎಲ್ಲ ಮುಗಿದ ಮೇಲೆ ಬೀಜದ ಯೋಚನೆ. ಇದನ್ನು ತಿರುಗಿಸಿ ಹಾಕಿ: ಬೀಜ, ಗ್ರೈಂಡರ್, ತಕ್ಕಡಿ, ನೀರು, ಕೊನೆಗೆ ಮಷೀನ್. ಹೀಗೆ ಹೋದರೆ ಅರ್ಧ ದಾರಿಯಲ್ಲೇ ಮಷೀನ್ ಬೇಡವೆನಿಸುವ ಸಾಧ್ಯತೆಯೂ ಇದೆ. ಅದು ನಷ್ಟವೇನಲ್ಲ.

ಫಿಲ್ಟರ್ ಕೈಗೆ ಹತ್ತಲಿ

ಮಷೀನ್ ಬರುವತನಕ ಚಿಕ್ಕಪೇಟೆಯ ಯಾವ ಪಾತ್ರೆ ಅಂಗಡಿಯಲ್ಲಾದರೂ ಸಿಗುವ ಸ್ಟೀಲ್ ಫಿಲ್ಟರ್ ಸಾಕು. ಹಿತ್ತಾಳೆಯದು ನೋಡಲು ಚೆಂದ, ಆದರೆ ಒಳಗೆ ಕಲಾಯಿ ಇದೆಯೇ ನೋಡದೆ ಕೊಳ್ಳಬೇಡಿ. ಕಾಫಿ ಹುಳಿಯ ಅಂಶವಿರುವ ಪದಾರ್ಥ, ಬರೀ ಹಿತ್ತಾಳೆಯ ಜೊತೆ ಅದನ್ನು ಗಂಟೆಗಟ್ಟಲೆ ಇಡುವಂತಿಲ್ಲ.

ಅಳತೆ ಹೀಗೆ: 30 ಗ್ರಾಂ ಪುಡಿ, 200 ಮಿ.ಲೀ. ನೀರು. ಫಿಲ್ಟರನ್ನು ಬಿಸಿನೀರಿನಲ್ಲಿ ಒಮ್ಮೆ ತೊಳೆದು, ಒರೆಸಿ, ಪುಡಿ ಹಾಕಿ. ಮೇಲ್ಭಾಗವನ್ನು ಅಲುಗಿಸಿ ಸಮ ಮಾಡಿ. ಕೊಡೆಯನ್ನು (ಹಿಡಿಯಿರುವ ತೂತಿನ ತಟ್ಟೆ) ಪುಡಿಯ ಮೇಲೆ ಇಡಿ, ಒತ್ತಬೇಡಿ. ಮೊದಲು 50 ಮಿ.ಲೀ. ನೀರು ಸುತ್ತಲೂ ಹಾಕಿ ಅರ್ಧ ನಿಮಿಷ ಬಿಡಿ, ಪುಡಿ ಉಬ್ಬುತ್ತದೆ. ಆಮೇಲೆ ಉಳಿದದ್ದು. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಇಟ್ಟುಕೊಳ್ಳುವುದರಿಂದ ಕೆಳಗೆ ಇಳಿಯುವುದು 130ರಿಂದ 140 ಮಿ.ಲೀ. ಡಿಕಾಕ್ಷನ್. ಲೋಟಕ್ಕೆ 35–40 ಮಿ.ಲೀ. ಡಿಕಾಕ್ಷನ್, ಆಗಷ್ಟೇ ಉಕ್ಕಿದ 100 ಮಿ.ಲೀ. ಹಾಲು ಎಂದರೆ ಮೂರು-ನಾಲ್ಕು ಕಾಫಿ. ಇಳಿಯಲು 15–20 ನಿಮಿಷ ಬೇಕು.

ನೀರು ಕುದಿದ ಮೇಲೆ ಒಂದು ನಿಮಿಷ ಆರಲಿ ಎಂದು ವಿಡಿಯೊಗಳಲ್ಲಿ ಹೇಳುವುದು ಸಮುದ್ರಮಟ್ಟದ ಊರುಗಳ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಫಿಲ್ಟರಿಗೆ ಬಿದ್ದಕೂಡಲೇ ಇನ್ನಷ್ಟು ಇಳಿಯುತ್ತದೆ. ಹಾಗಾಗಿ ಕುದಿ ಬಂದ ತಕ್ಷಣ ಸುರಿಯಿರಿ. ತೀರಾ ಕಪ್ಪಗೆ ಹುರಿದ ಪುಡಿಯಾದರೆ ಮಾತ್ರ ಸ್ವಲ್ಪ ಕಾಯಬಹುದು.

ಗಂಟೆಯಾದರೂ ಇಳಿಯದಿದ್ದರೆ ಕಾರಣ ಮೂರು: ಪುಡಿ ವಿಪರೀತ ನುಣುಪು, ಕೊಡೆ ಒತ್ತಿದ್ದೀರಿ, ಇಲ್ಲವೇ ಮೇಲಿನ ಪಾತ್ರೆ ಕೆಳಗಿನದಕ್ಕೆ ಬಿಗಿಯಾಗಿ ಕೂತು ಗಾಳಿ ಸಿಕ್ಕಿಕೊಂಡಿದೆ. ಮೂರನೆಯದಕ್ಕೆ ಮೇಲಿನ ಪಾತ್ರೆಯನ್ನು ಒಂದು ಕೂದಲೆಳೆಯಷ್ಟು ಎತ್ತಿ ಬಿಟ್ಟರೆ ಆಯಿತು. ಚಿಕೋರಿ (ಕಾಫಿಪುಡಿಗೆ ಬೆರೆಸುವ ಹುರಿದ ಬೇರು) ಹೆಚ್ಚಿದ್ದರೂ ನಿಧಾನವೇ, ಏಕೆಂದರೆ ಅದು ನೀರು ಹೀರಿ ಊದಿಕೊಳ್ಳುತ್ತದೆ. ತದ್ವಿರುದ್ಧವಾಗಿ ಐದು ನಿಮಿಷದೊಳಗೆ ಎಲ್ಲ ಇಳಿದು ಡಿಕಾಕ್ಷನ್ ತೆಳ್ಳಗಿದ್ದರೆ ಪುಡಿ ತರಿಯಾಗಿದೆ. ಅಂಗಡಿಯವರಿಗೆ ‘ಒಂದು ನಂಬರ್ ಸಣ್ಣ ಮಾಡಿ’ ಎನ್ನಿ. ತೂತುಗಳು ಕಟ್ಟಿಕೊಂಡ ಸ್ಟೀಲ್ ಫಿಲ್ಟರನ್ನು ಗ್ಯಾಸ್ ಉರಿಯ ಮೇಲೆ ಕೆಲವು ಸೆಕೆಂಡ್ ಹಿಡಿದು, ಆರಿದ ಮೇಲೆ ಬ್ರಷ್ಷಿನಿಂದ ಉಜ್ಜಿ. ಕಲಾಯಿ ಹಾಕಿದ್ದನ್ನು ಹಾಗೆ ಹಿಡಿಯಬೇಡಿ, ತವರ ಕರಗಿಬಿಡುತ್ತದೆ.

ಪುಡಿಯನ್ನು ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಕಣ್ಣೆದುರೇ ಬೀಸಿಸಿ, ಒಂದು ಸಲಕ್ಕೆ 100 ಗ್ರಾಂ ಮಾತ್ರ ತನ್ನಿ. ‘ಪೀಬೆರಿ, ಪ್ಲಾಂಟೇಷನ್ ಎ, 80:20’ (ಎರಡು ದರ್ಜೆಯ ಬೀಜ, ಕಾಫಿ 80 ಪಾಲು, ಚಿಕೋರಿ 20) ಎನ್ನುವುದು ಊರಿನ ಹಳೇ ಮಂತ್ರ, ಈಗಲೂ ಕೆಲಸ ಮಾಡುತ್ತದೆ. ಪ್ಯಾಕೆಟ್ ಪುಡಿಯಾದರೆ ಪ್ಯಾಕೆಟ್ಟಿನ ಹಿಂಬದಿ ಓದಿ. ಚಿಕೋರಿ ಎಷ್ಟು ಎಂದು ಅಚ್ಚು ಹಾಕಲೇಬೇಕೆಂಬುದು ನಿಯಮ, ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಅರ್ಧಕ್ಕರ್ಧ ಬೇರು ತುಂಬಿದ ಪುಡಿಗೆ ಪೂರ್ತಿ ಕಾಫಿಯ ಬೆಲೆ ಕೊಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಬೀಜ ಮತ್ತು ಗ್ರೈಂಡರ್

ಇಡೀ ಬೀಜ ಕೊಳ್ಳಲು ಶುರು ಮಾಡಿದಾಗ ಹುಡುಕಬೇಕಾದ್ದು ಹುರಿದ ದಿನಾಂಕ. ಪ್ಯಾಕ್ ಮಾಡಿದ ದಿನಾಂಕ ಬೇರೆ. ಹುರಿದು ಒಂದು ವಾರವಾಗದ ಬೀಜದಲ್ಲಿ ಅನಿಲ ತುಂಬಿರುತ್ತದೆ, ಎಸ್ಪ್ರೆಸೊ ಬುಸುಬುಸು ನೊರೆಯಾಗಿ ಬರುತ್ತದೆ. ಏಳರಿಂದ ಹದಿನಾಲ್ಕು ದಿನ ಬಿಟ್ಟು ತೆರೆಯಿರಿ, ತೆರೆದ ಮೇಲೆ ಮೂರು ವಾರದಲ್ಲಿ ಮುಗಿಸಿ. ಫ್ರಿಜ್ಜಿನಲ್ಲಿ ಇಡಬೇಡಿ, ಪ್ರತಿ ಸಲ ಹೊರತೆಗೆದಾಗ ತೇವ ಕೂರುತ್ತದೆ.

ಹಾಲು ಹಾಕಿ ಕುಡಿಯುವವರಿಗೆ ದುಬಾರಿ ತೆಳುಹುರಿತದ ಬೀಜ ದಂಡ. ಅದರ ಹಣ್ಣಿನ ಹುಳಿ ಹಾಲಿನಲ್ಲಿ ಕಳೆದುಹೋಗುತ್ತದೆ. ಚಿಕ್ಕಮಗಳೂರಿನ ಎಸ್.795 ತಳಿಯ ಅರೇಬಿಕಾ ಮಧ್ಯಮ ಹುರಿತದಲ್ಲಿ ತೆಗೆದುಕೊಂಡು, ಅದಕ್ಕೆ ಶೇ 20–30ರಷ್ಟು ಕೊಡಗಿನ ರೊಬಸ್ಟಾ ಸೇರಿಸಿ. ರೊಬಸ್ಟಾ ಗಟ್ಟಿ ಕ್ರೆಮಾ (ಎಸ್ಪ್ರೆಸೊ ಮೇಲೆ ನಿಲ್ಲುವ ಹೊಂಬಣ್ಣದ ಕೆನೆಪದರ) ಕೊಡುತ್ತದೆ, ಹಾಲಿನ ನಡುವೆಯೂ ದನಿ ಎತ್ತುತ್ತದೆ. ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು ಎಂಬುದು ಸಂಜೆ ಆರರ ಮೇಲೆ ನೆನಪಿರಲಿ. ಚಿಕೋರಿಯನ್ನು ಮಾತ್ರ ಎಸ್ಪ್ರೆಸೊ ಮಷೀನಿನ ಹತ್ತಿರಕ್ಕೂ ತರಬೇಡಿ. ಅದು ತೇವ ಎಳೆದು ಅಂಟಾಗಿ ಜಾಲರಿಯಲ್ಲಿ ಕಲ್ಲಿನಂತೆ ಕೂರುತ್ತದೆ.

ಮಿಕ್ಸಿ ಬೀಜವನ್ನು ಬೀಸುವುದಿಲ್ಲ, ಕತ್ತರಿಸುತ್ತದೆ. ಒಂದೇ ಜಾರಿನಲ್ಲಿ ಹಿಟ್ಟೂ ಇರುತ್ತದೆ, ರವೆಯೂ ಇರುತ್ತದೆ. ಹಿಟ್ಟು ಕಹಿ ಬಿಡುತ್ತದೆ, ರವೆ ಹುಳಿ ಬಿಡುತ್ತದೆ, ಎರಡೂ ಒಂದೇ ಲೋಟದಲ್ಲಿ. ಬರ್ (ಬೀಜ ಅರೆಯುವ ಹಲ್ಲುಚಕ್ರ) ಇರುವ ಗ್ರೈಂಡರ್ ಬೇಕಾಗುವುದು ಇದಕ್ಕೇ. ಪೋರ್‌ಓವರ್, ಫ್ರೆಂಚ್ ಪ್ರೆಸ್, ಮೋಕಾ ಪಾಟ್‌ನಂಥ ಮಷೀನಿಲ್ಲದ ವಿಧಾನಗಳಿಗೆ ಮೂರರಿಂದ ಏಳು ಸಾವಿರ ರೂಪಾಯಿಯ ಕೈ ಗ್ರೈಂಡರ್ ಧಾರಾಳ. ಎಸ್ಪ್ರೆಸೊಗೆ ಹಾಗಲ್ಲ. ಒಂದು ಕ್ಲಿಕ್ ತಿರುಗಿಸಿದರೆ ಬರ್ ಎಷ್ಟು ಸರಿಯುತ್ತದೆ ಎಂದು ಕೇಳಿ. ಹತ್ತು-ಇಪ್ಪತ್ತು ಮೈಕ್ರಾನ್ ಒಳಗಿದ್ದರೆ ಸರಿ. ಅದಕ್ಕಿಂತ ದೊಡ್ಡ ಹೆಜ್ಜೆಯಾದರೆ ಒಂದು ಕ್ಲಿಕ್ಕಿಗೆ ಎಸ್ಪ್ರೆಸೊ ಇಳಿಯಲು 18 ಸೆಕೆಂಡ್, ಮುಂದಿನದಕ್ಕೆ 40, ನಡುವೆ ನಿಮಗೆ ಬೇಕಾದ 28 ಸಿಗುವುದೇ ಇಲ್ಲ. ಎಷ್ಟೋ ಜನ ಮಷೀನನ್ನು ಬೈದು ಮಾರುವುದು ಈ ತಪ್ಪಿಗೇ. ಒಟ್ಟು ಬಜೆಟ್ ನಲವತ್ತು ಸಾವಿರವಿದ್ದರೆ ಅದರಲ್ಲಿ ಹದಿನೈದು ಗ್ರೈಂಡರಿಗೆ ಹೋಗಲಿ.

ಮಷೀನ್

ಡಬ್ಬದ ಮೇಲಿನ ‘15 ಬಾರ್’, ‘20 ಬಾರ್’ ಪಂಪಿನ ಗರಿಷ್ಠ ಒತ್ತಡದ ಮಾತು. ಎಸ್ಪ್ರೆಸೊಗೆ ಬೇಕಿರುವುದು ಪುಡಿಯ ಮೇಲೆ ಸುಮಾರು 9 ಬಾರ್. ಅಗ್ಗದ ಮಷೀನುಗಳ ಜೊತೆ ಬರುವ ಬ್ಯಾಸ್ಕೆಟ್ಟಿಗೆ (ಪುಡಿ ತುಂಬುವ ಬಟ್ಟಲು) ಎರಡು ತಳ, ಹೊರತಳಕ್ಕೆ ಒಂದೇ ಸೂಜಿತೂತು. ಯಾವ ಪುಡಿ ಹಾಕಿದರೂ ಅದರಿಂದ ನೊರೆ ಚಿಮ್ಮುತ್ತದೆ. ಅದು ಕ್ರೆಮಾ ಅಲ್ಲ, ನೊರೆ ಅಷ್ಟೇ. ಅದೇ ಅಳತೆಯ (51, 54 ಅಥವಾ 58 ಮಿ.ಮೀ.) ಒಂಟಿ ತಳದ ಬ್ಯಾಸ್ಕೆಟ್ ಬೇರೆಯಾಗಿ ಸಿಗುತ್ತದೆಯೇ ನೋಡಿಕೊಂಡೇ ಮಷೀನ್ ಆರಿಸಿ.

ಕೊಳ್ಳುವ ಮುನ್ನ ಅಡುಗೆಮನೆಯ ಗೋಡೆ ನೋಡಿ. ಚಿಕ್ಕ 6 ಆಂಪ್ ಸಾಕೆಟ್ 230 ವೋಲ್ಟಿನಲ್ಲಿ ಹೊರುವುದು 1,380 ವಾಟ್. 1,600 ವಾಟಿನ ಮಷೀನಿಗೆ 16 ಆಂಪ್ ಪಾಯಿಂಟ್ ಬೇಕು. ಬಸವನಗುಡಿ, ರಾಜಾಜಿನಗರದ ಹಳೇ ಮನೆಗಳ ಅಡುಗೆಕಟ್ಟೆಯಲ್ಲಿ ಅದು ಇದ್ದರೂ ಒಂದೇ ಇರುತ್ತದೆ, ಅದನ್ನೂ ಓವನ್ ಹಿಡಿದಿರುತ್ತದೆ. ಪ್ಲಗ್ ಬದಲಿಸುವ ಅಡಾಪ್ಟರ್ ಹಾಕಿ ಓಡಿಸಿದರೆ ಸಾಕೆಟ್ ಕರಗಬಹುದು. ಅಮೆರಿಕದಿಂದ ಅಳಿಯ ತರುವ ಮಷೀನ್ ಅಲ್ಲಿ ಅಗ್ಗವೇ ಇರಬಹುದು, ಆದರೆ ಅದು 120 ವೋಲ್ಟಿನದು. ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರ್ ಭಾರ, ದುಬಾರಿ, ಮೇಲೆ ಇಲ್ಲಿ ವಾರಂಟಿಯೂ ಇರದು. ಬೇಡವೆಂದು ಮೊದಲೇ ಹೇಳಿಬಿಡಿ.

ಕ್ಯಾಪ್ಸೂಲ್ ಮಷೀನಿನ ಲೆಕ್ಕ ಇನ್ನೂ ಚಿಕ್ಕದು. ಪುಡಿ ತುಂಬಿ ಮುಚ್ಚಿದ ಒಂದು ಪುಟ್ಟ ಕ್ಯಾಪ್ಸೂಲಿನಲ್ಲಿ ಐದಾರು ಗ್ರಾಂ ಪುಡಿ. 50 ರೂಪಾಯಿ ಕೊಟ್ಟರೆ ಕಿಲೋಗೆ ಒಂಬತ್ತು ಸಾವಿರದ ಆಸುಪಾಸು ಬಿತ್ತು.

ಹದಕ್ಕೆ ತರುವುದು

0.1 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. 18 ಗ್ರಾಂ ಪುಡಿ (51 ಮಿ.ಮೀ. ಬ್ಯಾಸ್ಕೆಟ್ಟಾದರೆ 14–16), ಲೋಟಕ್ಕೆ ಅದರ ಎರಡರಷ್ಟು, ಅಂದರೆ 36 ಗ್ರಾಂ, ಪಂಪ್ ಒತ್ತಿದಲ್ಲಿಂದ 25–30 ಸೆಕೆಂಡ್. ಪುಡಿಯ ತೂಕ ಅಲುಗಿಸಬೇಡಿ, ಬೀಸುವ ಹದ ಒಂದನ್ನೇ ಬದಲಿಸುತ್ತ ಹೋಗಿ.

ಹನ್ನೆರಡು ಸೆಕೆಂಡಿನಲ್ಲಿ ತೆಳ್ಳಗೆ, ಹಳದಿಯಾಗಿ ಸುರಿದು ನಾಲಿಗೆಗೆ ಹುಳಿ ಹತ್ತಿದರೆ ಇನ್ನೂ ಸಣ್ಣ ಬೀಸಿ. ನಲವತ್ತೈದು ಸೆಕೆಂಡ್ ತೊಟ್ಟಿಕ್ಕಿ ಬೂದಿಯ ಕಹಿ ಬಂದರೆ ತರಿ ಮಾಡಿ. ಸಮಯ ಸರಿಯಿದ್ದೂ ಹುಳಿ, ಕಹಿ ಎರಡೂ ಒಟ್ಟಿಗೆ ಬಂದರೆ, ಅಥವಾ ಪಕ್ಕದಿಂದ ಸಣ್ಣ ಪಿಚಕಾರಿ ಹಾರಿದರೆ, ನೀರು ಪುಡಿಯೊಳಗೆ ಕಳ್ಳದಾರಿ ಮಾಡಿಕೊಂಡಿದೆ. ಬಾಟಲಿಯ ಕಾರ್ಕಿಗೆ ನಾಲ್ಕೈದು ಅಕ್ಯುಪಂಕ್ಚರ್ ಸೂಜಿ ಚುಚ್ಚಿ, ಪುಡಿಯನ್ನು ತಳದಿಂದ ಕೆದಕಿ ಗಂಟು ಬಿಡಿಸಿ, ಆಮೇಲೆ ನೇರವಾಗಿ ಒತ್ತಿ. ಇದೇ ಸಾಧನವನ್ನು ಮರದ ಹಿಡಿ ಹಾಕಿ ಸಾವಿರಾರು ರೂಪಾಯಿಗೆ ಮಾರುತ್ತಾರೆ. ಪುಡಿ ಒತ್ತುವ ಸ್ಪ್ರಿಂಗ್ ಟ್ಯಾಂಪರ್, ಹಿಪ್ಪೆ ತಟ್ಟಲು ಹೆಸರು ಕೊರೆದ ನಾಕ್ ಬಾಕ್ಸ್, ಮಾರ್ಬಲ್ ಚಾಪೆ, ಯಾವುದೂ ಲೋಟದಲ್ಲಿ ಗೊತ್ತಾಗುವುದಿಲ್ಲ.

ಹೊಸ ಬೀಜದ ಹದ ಹಿಡಿಯಲು ಮೂರು-ನಾಲ್ಕು ಶಾಟ್ (ಒಂದು ಸಲ ಇಳಿಸಿದ ಎಸ್ಪ್ರೆಸೊ) ಪೋಲಾಗುವುದು ಸಹಜ. 250 ಗ್ರಾಂ ಪ್ಯಾಕೆಟ್ಟಿನಲ್ಲಿ 18 ಗ್ರಾಮಿನ ಹದಿಮೂರೇ ಶಾಟ್ ಇರುವುದು. ವಾರಕ್ಕೊಬ್ಬ ಹೊಸ ರೋಸ್ಟರ್ (ಹುರಿದು ಮಾರುವವರು) ಬೀಜದ ರುಚಿ ನೋಡುವ ಚಪಲ ಎಷ್ಟು ದುಬಾರಿ ಎಂಬುದು ಇಲ್ಲಿ ಗೊತ್ತಾಗುತ್ತದೆ. ಒಂದೇ ಬೀಜವನ್ನು ತಿಂಗಳುಗಟ್ಟಲೆ ತರಿಸಿ.

ಮಷೀನಿನ ಸ್ಟೀಮಿನಿಂದ ಹಾಲು ಕಾಯಿಸುವುದನ್ನು 60–65 ಡಿಗ್ರಿಗೆ ನಿಲ್ಲಿಸಿ, ಜಗ್ ಮುಟ್ಟಲಾಗದಷ್ಟು ಸುಡುವ ಹೊತ್ತಿಗೆ. ನಂದಿನಿ ನೀಲಿ ಪ್ಯಾಕೆಟ್ಟಿನ ಶೇ 3 ಕೊಬ್ಬಿನ ಹಾಲು ಸಾಕಷ್ಟು ನೊರೆಯುತ್ತದೆ, ಶೇ 6ರ ಸಮೃದ್ಧಿ ದಪ್ಪ ರುಚಿ ಕೊಡುತ್ತದೆ. ಕಾಯಿಸಿ ಆರಿಸಿದ ಹಾಲಿಗಿಂತ ನೇರ ಪ್ಯಾಕೆಟ್ಟಿನ ತಣ್ಣನೆ ಹಾಲು ಮೇಲು.

ಕೈಯಲ್ಲಿ ಹಿಡಿದು ನೋಡದೆ ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ, ಬೆಂಗಳೂರಿನ ಕಾಫಿ ಬೋರ್ಡ್ ‘ಕಾಪಿ ಶಾಸ್ತ್ರ’ ಎಂಬ ತರಬೇತಿ ನಡೆಸುತ್ತದೆ. ಹುರಿಯುವುದು, ಕಾಫಿ ಇಳಿಸುವುದು ಎರಡನ್ನೂ ಅಲ್ಲಿ ಕಲಿಸುತ್ತಾರೆ.

ನೀರು, ಮತ್ತು ಹಳೇ ಮಷೀನ್

ಊರಿನ ಮಷೀನುಗಳು ಸಾಯುವುದು ಹೆಚ್ಚಾಗಿ ನೀರಿನಿಂದ. ಕಾವೇರಿ ನೀರು ಬರುವ ಮನೆಗೆ ಚಿಂತೆ ಕಡಿಮೆ. ಹೊರವಲಯದ ಅಪಾರ್ಟ್‌ಮೆಂಟುಗಳ ಬೋರ್‌ವೆಲ್, ಟ್ಯಾಂಕರ್ ನೀರು ಬಾಯ್ಲರಿನೊಳಗೆ ಸುಣ್ಣ ಕಟ್ಟುತ್ತದೆ. ಹಾಗೆಂದು ಬರೀ ಆರ್‌ಒ ನೀರು ಹಾಕಿದರೆ ಕಾಫಿ ಸಪ್ಪೆ, ಕೆಲವು ಮಷೀನುಗಳ ಸೆನ್ಸರಿಗೆ ನೀರಿರುವುದೇ ತಿಳಿಯದು. ಚಿಕ್ಕ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಮೀಟರ್ ತಂದು, ಎರಡನ್ನೂ ಬೆರೆಸಿ 100–150ರ ನಡುವೆ ತನ್ನಿ. ಟಿಡಿಎಸ್ ಪೂರ್ತಿ ಗಡಸುತನದ ಲೆಕ್ಕವಲ್ಲ, ಆದರೆ ಮನೆಮಟ್ಟಿಗೆ ಸಾಕು. ಎರಡು-ಮೂರು ತಿಂಗಳಿಗೊಮ್ಮೆ ಲೀಟರಿಗೆ 20 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಓಡಿಸಿ, ಎರಡು ಟ್ಯಾಂಕ್ ಒಳ್ಳೇ ನೀರು ಬಿಟ್ಟು ತೊಳೆಯಿರಿ. ಬಾಯ್ಲರ್ ಅಲ್ಯೂಮಿನಿಯಮ್‌ನದಾದರೆ ಮಾತ್ರ ಕಂಪನಿಯ ಕೈಪಿಡಿ ಹೇಳಿದ್ದನ್ನೇ ಬಳಸಿ.

ಆಸೆ ಆರಿದವರು ಮಾರುವ ಮಷೀನುಗಳು ಇಲ್ಲಿ ಸದಾ ಸಿಗುತ್ತವೆ, ಮೊದಲ ಮಷೀನ್ ಅಂಥದ್ದೇ ಆಗಲಿ. ನೋಡಲು ಹೋದಾಗ ತಣ್ಣಗಿರುವಾಗಲೇ ಚಾಲೂ ಮಾಡಿಸಿ, ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಪಡಿ. ಪುಡಿಯಿಲ್ಲದೆ 30 ಸೆಕೆಂಡ್ ನೀರು ಬಿಡಿಸಿ, ಧಾರೆ ಕಡ್ಡಿಯಂತೆ ಸಮವಾಗಿರಬೇಕು. ಸ್ಟೀಮ್ ಒಂದು ನಿಮಿಷ ಎಡೆಬಿಡದೆ ಬರಬೇಕು. ಗ್ರೂಪ್ ಹೆಡ್ಡಿನ (ಬ್ಯಾಸ್ಕೆಟ್ ಸಿಕ್ಕಿಸುವ ಭಾಗ) ಸುತ್ತ ಸೋರಿದರೆ ಹೆದರಬೇಡಿ, ಅದು ಗ್ಯಾಸ್ಕೆಟ್, ಕೆಲವು ನೂರು ರೂಪಾಯಿಯ ಮಾತು. ನೀರಿನ ಜೊತೆ ಬಿಳಿ ಚಕ್ಕೆ ಬಂದರೆ ಒಳಗೆಲ್ಲ ಸುಣ್ಣವಿದೆ. ಮನೆಗೆ ಬರುವುದು ಯಾವ ನೀರು ಎಂದು ಮಾತಿನ ನಡುವೆ ಕೇಳಿ. ಬೋರ್‌ವೆಲ್ ಎಂದರೆ ಪೂರ್ತಿ ಸರ್ವಿಸಿನ ಖರ್ಚು ಕಳೆದು ಬೆಲೆ ಹೇಳಿ.